ಮದ್ದಿನವರು ಮತ್ತು ಮಾಟದವರು

ಆಫ್ರಿಕಾ ಖಂಡವನ್ನು ಕುರಿತ ಕನ್ನಡ ಬರಹಗಳಲ್ಲಿ, ವಿಶೇಷವಾಗಿ ಇಂಗ್ಲಿಷಿನ ದಾರಿಯಿಂದ ಬಂದ ಸಾಹಸಕಥೆ, ಪ್ರವಾಸಕಥನ, ಪತ್ರಿಕಾ ವರದಿಗಳಲ್ಲಿ, ಒಬ್ಬ ವ್ಯಕ್ತಿ ಪದೇ ಪದೇ ಎದುರಾಗುತ್ತಾನೆ. ಮುಖಕ್ಕೆ ಬಿಳಿಯ ಬಣ್ಣ, ಕೊರಳಿಗೆ ಎಲುಬಿನ ಸರ, ಕೈಯಲ್ಲಿ ಪ್ರಾಣಿಯ ಬಾಲದ ಚವರಿ. ಸುತ್ತಲೂ ಬೆದರಿದ ಜನ. ಅವನಿಗೆ ಹೆಸರಿಲ್ಲ, ಊರಿಲ್ಲ, ಗುರುವಿಲ್ಲ. ಕನ್ನಡವು ಅವನನ್ನು ‘ಮಾಟಗಾರ’ ಎನ್ನುತ್ತದೆ, ಇಲ್ಲವೆ ‘ಮಂತ್ರವಾದಿ’ ಎನ್ನುತ್ತದೆ. ಈಚೆಗೆ ಯಂತ್ರಾನುವಾದದ ಕೃಪೆಯಿಂದ ‘ಮಾಟಗಾತಿ ವೈದ್ಯ’ ಎಂಬ ಸಮಾಸವೂ ಹುಟ್ಟಿಕೊಂಡಿದೆ. ಅದರ ವಿಗ್ರಹವಾಕ್ಯವನ್ನು ಯಾವ ವೈಯಾಕರಣನೂ ಹೇಳಲಾರ. ಮರಾಠಿಯಲ್ಲಿಯೂ ಬೇರೆಯಲ್ಲ, ಅಲ್ಲಿ ಅವನು ‘ಮಾಂತ್ರಿಕ’. ಈ ಪದಗಳಲ್ಲಿ ಒಂದಾದರೂ ಆಫ್ರಿಕಾದ ಯಾವ ಭಾಷೆಯನ್ನೂ ಕೇಳಿ ಬಂದದ್ದಲ್ಲ. ಎಲ್ಲವೂ ಇಂಗ್ಲಿಷಿನ ‘ವಿಚ್ ಡಾಕ್ಟರ್’ ಎಂಬ ಒಂದೇ ಪದದ ಸಂತಾನ. ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿ ನಾಳೆ ಅನುವಾದಕ್ಕೋ ಅಧ್ಯಾಪನಕ್ಕೋ ಪತ್ರಿಕಾವೃತ್ತಿಗೋ ಹೋಗುವವರು ಈ ಪದಗಳನ್ನು ಹೀಗೆಯೇ ಮುಂದುವರಿಸಬಾರದು. ಇದು ಕೇವಲ ಸೌಜನ್ಯದ ಮಾತಲ್ಲ. ಈ ಹೆಸರಿನ ಹಿಂದೆ ಕಾನೂನುಗಳಿವೆ, ಜೈಲುಗಳಿವೆ, ಕೊಲೆಗಳೂ ಇವೆ.

ಇಂಗ್ಲಿಷ್ ಪದದ ಜಾತಕವನ್ನು ಮೊದಲು ನೋಡಬೇಕು. 18ನೆಯ ಶತಮಾನದ ಆರಂಭಕ್ಕೆ ಅದು ಇಂಗ್ಲೆಂಡಿನೊಳಗೇ ಬಳಕೆಯಲ್ಲಿತ್ತು. ಮಾಟ ತಗುಲಿದೆಯೆಂದು ನಂಬಿ ಬಂದವರಿಗೆ ಪರಿಹಾರ ಹೇಳುತ್ತಿದ್ದ ಆ ನಾಡಿನ ಮನುಷ್ಯನಿಗೇ ಆ ಹೆಸರು. ಎಂದರೆ, ಮಾಟ ಮಾಡುವವನಿಗಲ್ಲ, ಮಾಟ ತೆಗೆಯುವವನಿಗೆ. ಮುಂದಿನ ಶತಮಾನದಲ್ಲಿ ಪಾದ್ರಿಗಳೂ ಸೈನಿಕರೂ ಆಡಳಿತಗಾರರೂ ಅದನ್ನು ಹಡಗಿನಲ್ಲಿ ಆಫ್ರಿಕಾಕ್ಕೆ ಒಯ್ದರು. ಅಲ್ಲಿ ಗಿಡಮೂಲಿಕೆ ಕೊಡುವವರು, ಕಣಿ ಹೇಳುವವರು, ಸೂಲಗಿತ್ತಿಯರು, ಮಳೆ ತರಿಸುತ್ತೇವೆನ್ನುವವರು, ಕೇಡು ಬಗೆಯುತ್ತಾರೆಂದು ಊರೇ ಶಂಕಿಸುವವರು, ಎಲ್ಲರನ್ನೂ ಆ ಒಂದೇ ಚೀಲಕ್ಕೆ ತುಂಬಲಾಯಿತು. ಕಳ್ಳನನ್ನೂ ಪೊಲೀಸನನ್ನೂ ಒಂದೇ ಹೆಸರಿನಿಂದ ಕರೆದಂತೆ.

ಆಫ್ರಿಕಾದ ಭಾಷೆಗಳು ಈ ಗೊಂದಲವನ್ನು ಮಾಡಿಕೊಂಡಿರಲಿಲ್ಲ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಗುಣಪಡಿಸುವವನು ‘ಮ್‌ಗಾಂಗ’, ಅವನ ವಿದ್ಯೆ ‘ಉಗಾಂಗ’. ಮಾಟ ಮಾಡುವವನು ‘ಮ್‌ಚಾವಿ’, ಅವನ ಕೃತ್ಯ ‘ಉಚಾವಿ’. ಕಾಂಗೋ ನದಿಯ ಕೆಳದಂಡೆಯ ಕಿಕೊಂಗೊ ಭಾಷೆಯಲ್ಲಿ ಮೊದಲನೆಯವನು ‘ಙಾಂಗ’, ಎರಡನೆಯವನು ‘ನ್‌ಡೋಕಿ’. ಜಿಂಬಾಬ್ವೆಯ ಶೋನಾದಲ್ಲಿ ‘ನಾಂಗ’ ಒಂದು ಕಡೆ, ‘ಮುರೋಯಿ’ ಇನ್ನೊಂದು ಕಡೆ. ಸಾವಿರಾರು ಮೈಲಿಗಳ ಉದ್ದಕ್ಕೂ ಬಂಟು ಭಾಷೆಗಳು ಈ ಗೆರೆಯನ್ನು ಕಾಪಾಡಿಕೊಂಡು ಬಂದಿವೆ. ‘ಗಾಂಗ’ ಎಂಬ ಧಾತು ಆ ಭಾಷೆಗಳ ಮೂಲರೂಪದಷ್ಟೇ ಹಳೆಯದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ.

ಸ್ವಾಹಿಲಿಯ ಉದಾಹರಣೆಯಲ್ಲಿ ಇನ್ನಷ್ಟು ಸ್ವಾರಸ್ಯವಿದೆ. ಟಾಂಜಾನಿಯ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯ ಅಧಿಕೃತ ಪದನಾಮ ‘ಮ್‌ಗಾಂಗ ಮ್‌ಕೂ’, ದೊಡ್ಡ ಮ್‌ಗಾಂಗ. ಎಂಬಿಬಿಎಸ್ ಓದಿದವರೂ ಬೇರು ಅರೆದು ಕೊಡುವವರೂ ಒಂದೇ ಹೆಸರಿನವರು. ಬೇರ್ಪಡಿಸಿ ಹೇಳಬೇಕಾದಾಗ ಎರಡನೆಯವರನ್ನು ‘ಮ್‌ಗಾಂಗ ವ ಕಿಯೆನ್ಯೇಜಿ’ ಎನ್ನುತ್ತಾರೆ. ‘ಕಿಯೆನ್ಯೇಜಿ’ ಎಂದರೆ ಆ ನೆಲದ್ದು, ಊರಿನದು. ಅಂಗಳದಲ್ಲಿ ಬೆಳೆದ ಕೋಳಿಗೂ ಅದೇ ವಿಶೇಷಣ. ಬೆಂಗಳೂರಿನ ಕಡೆಯವರ ‘ನಾಟಿ’, ಸೊಲ್ಲಾಪುರ-ವಿಜಾಪುರದವರ ‘ಜವಾರಿ’, ಮರಾಠಿಯ ‘ಗಾವರಾನ’ ಪದಗಳು ಮಾಡುವ ಕೆಲಸವನ್ನು ಅದೊಂದೇ ಮಾಡುತ್ತದೆ. ಹಾಗಿದ್ದ ಮೇಲೆ ‘ಜವಾರಿ ವೈದ್ಯ’ ಎಂದು ಒಂದೇ ಹೆಜ್ಜೆಯಲ್ಲಿ ದಾಟಬಹುದಾದ ಪದವನ್ನು ಲಂಡನ್ನಿಗೆ ಕಳಿಸಿ ‘ಮಾಟಗಾರ’ನನ್ನಾಗಿ ಮಾಡಿ ತರಿಸಿಕೊಳ್ಳುವ ಸುತ್ತು ಏಕೆ? ಆ ಮ್‌ಗಾಂಗ ಕೊಡುವ ಔಷಧಕ್ಕೆ ಸ್ವಾಹಿಲಿಯಲ್ಲಿ ‘ದಾವ’ ಎನ್ನುತ್ತಾರೆ. ಅರಬ್ಬಿಯ ಅದೇ ಪದ ಪಾರಸಿ, ಉರ್ದುಗಳ ಮೂಲಕ ಈ ಗಡಿನಾಡಿಗೆ ಬಂದು ‘ದವಾಖಾನಿ’ಯಲ್ಲಿ ನಿಂತಿದೆ. ಒಂದೇ ಕಡಲಿನ ಎರಡು ದಂಡೆಗಳಿಗೆ ಒಂದೇ ಪದ.

ದಕ್ಷಿಣಕ್ಕೆ, ಜುಲು ಜನರ ನಾಡಿಗೆ ಹೋದರೆ ಭೇದಗಳು ಇನ್ನೂ ಸೂಕ್ಷ್ಮವಾಗುತ್ತವೆ. ಅಲ್ಲಿ ಗಿಡಮೂಲಿಕೆಗಳನ್ನು ಬಲ್ಲವನು ‘ಇನ್ಯಾಂಗ’. ಅಮಾದ್ಲೋಜಿ ಎಂದು ಕರೆಯಲಾಗುವ ಪಿತೃಗಳ ಮೂಲಕ ರೋಗದ ಕಾರಣವನ್ನು ಕಂಡು ಹೇಳುವವರು ‘ಇಸಂಗೋಮ’. ಇವರಲ್ಲಿ ಹೆಂಗಸರೇ ಹೆಚ್ಚು. ಕೇಡು ಮಾಡುವವನು ‘ಉಮ್‌ತಕಾತಿ’. ಇನ್ಯಾಂಗನ ವಿದ್ಯೆ ಕಲಿತು ಬರುವಂಥದು. ಮಗ ತಂದೆಯಿಂದ, ಶಿಷ್ಯ ಗುರುವಿನಿಂದ ಕಲಿಯುತ್ತಾನೆ. ಇಸಂಗೋಮಳದು ಕರೆಯಿಂದ ಬರುವಂಥದು. ಯಾವ ಮದ್ದಿಗೂ ಬಗ್ಗದ ಕಾಯಿಲೆ, ಬಿಡದ ಕನಸುಗಳು, ಮೈನೋವು, ಜನರ ನಡುವೆ ಇರಲಾರದ ಸ್ಥಿತಿ. ಇದು ಪಿತೃಗಳ ಕರೆಯೆಂದು ಹಿರಿಯ ಇಸಂಗೋಮಳೊಬ್ಬಳು ಗುರುತಿಸಿದ ಮೇಲೆ ಆ ರೋಗಿ ಅವಳ ಮನೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದ್ದು, ಗಿಡ ಗುರುತಿಸುವುದು, ಎಲುಬು ಕವಡೆಗಳನ್ನು ಚೆಲ್ಲಿ ಓದುವುದು, ಹಾಡು, ಕುಣಿತ ಎಲ್ಲವನ್ನೂ ಕಲಿಯಬೇಕು. ಈ ಅವಸ್ಥೆಗೆ ‘ಉಕುತ್ವಾಸ’ ಎಂದು ಹೆಸರು. ಅಮಾವಾಸ್ಯೆಯ ನಂತರ ಹೊಸ ಚಂದ್ರ ತೋರುವುದಕ್ಕೂ ಅದೇ ಕ್ರಿಯಾಪದ. ರೋಗಿಯೇ ವೈದ್ಯಳಾಗಿ ಮೂಡುವ ಈ ಕಲ್ಪನೆಯನ್ನು ಒಂದು ಪದದಲ್ಲಿ ಹಿಡಿದ ಭಾಷೆ ಬಡಭಾಷೆಯಲ್ಲ. ಸವದತ್ತಿಯ, ಜತ್ತದ ಯಲ್ಲಮ್ಮನ ಜಾತ್ರೆಯನ್ನು ಕಂಡ ವಿದ್ಯಾರ್ಥಿಗೆ ಇಲ್ಲಿ ಏನೋ ಪರಿಚಿತವೆನ್ನಿಸಬಹುದು, ಅನ್ನಿಸಲಿ. ಆದರೆ ಇಸಂಗೋಮಳನ್ನು ಜೋಗತಿಯೆಂದು ಅನುವಾದಿಸಿದರೆ ಅದೂ ತಪ್ಪೇ. ಎರಡರ ಇತಿಹಾಸವೂ ನೋವೂ ಬೇರೆ ಬೇರೆ.

‘ಇಸಂಗೋಮ’ದೊಳಗೆ ಇರುವ ‘ಇಂಗೋಮ’ಕ್ಕೆ ಜುಲುವಿನಲ್ಲಿ ಹಾಡು, ಕುಣಿತ ಎಂಬ ಅರ್ಥ, ಸ್ವಾಹಿಲಿ ಮೊದಲಾದ ಬಂಧುಭಾಷೆಗಳಲ್ಲಿ ‘ಙೋಮ’ ಎಂದರೆ ನಗಾರಿ, ಆ ನಗಾರಿಯ ಸುತ್ತ ನಡೆಯುವ ಆಚರಣೆಯೂ ಹೌದು. ಈ ಪದ ಭಾರತಕ್ಕೂ ಬಂದಿದೆ. ಗುಜರಾತಿನ ಸಿದ್ದಿಗಳು ಬಾವಾ ಗೋರ್ ಅವರ ದರ್ಗಾದಲ್ಲಿ ಬಾರಿಸಿ ಕುಣಿಯುವ ‘ಗೋಮ’ ಅದೇ. ಪೀಡೆಯೆಂದು ನರಳುವವರು ಗುಣವಾಗಲೆಂದು ಇಂದಿಗೂ ಅಲ್ಲಿಗೆ ಬರುತ್ತಾರೆ. ಗುಲಾಮರಾಗಿ, ಸೈನಿಕರಾಗಿ, ನಾವಿಕರಾಗಿ ಬಂದವರು ತಮ್ಮೊಡನೆ ತಂದ ಕೆಲವೇ ವಸ್ತುಗಳಲ್ಲಿ ನಗಾರಿಯೂ ಅದರ ಹೆಸರೂ ಇದ್ದುವು.

ಇನ್ನು ‘ಉಮುತಿ’. ಜುಲುವಿನಲ್ಲಿ ಇದು ಮರಕ್ಕೂ ಹೆಸರು, ಮದ್ದಿಗೂ ಹೆಸರು. ಗುಣಪಡಿಸುವ ಮದ್ದಿಗೂ ಕೊಲ್ಲುವ ಮದ್ದಿಗೂ ಹೆಸರು. ಇಂಗ್ಲಿಷ್ ಪತ್ರಿಕೆಗಳು ಇದರ ಕೊನೆಯ ಅರ್ಥವನ್ನಷ್ಟೆ ಎತ್ತಿಕೊಂಡು ‘ಮುತಿ’ ಎಂದರೆ ನರಬಲಿ ಎಂಬಷ್ಟು ಭಯವನ್ನು ಹಬ್ಬಿಸಿದವು. ಕನ್ನಡಿಗರಿಗೆ ಈ ಪದವನ್ನು ತಿಳಿಯುವುದು ಕಷ್ಟವಾಗಬಾರದು. ‘ಮದ್ದು’ ಎಂಬ ಪದವನ್ನೇ ನೋಡಿ: ಮನೆಮದ್ದಿನಲ್ಲಿ ಅದು ಔಷಧ, ‘ಮದ್ದು ಹಾಕಿದರು’ ಎಂದಾಗ ಅನ್ನದಲ್ಲಿ ಬೆರೆಸಿದ ಕೇಡು, ಮದ್ದು-ಗುಂಡು ಎಂದಾಗ ಸಿಡಿಯುವ ಪುಡಿ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುವ ಔದಾರ್ಯವನ್ನು ಸ್ವಂತ ಪದಕ್ಕೆ ತೋರುವವರು ಪರರ ಪದಕ್ಕೂ ತೋರಬೇಕಲ್ಲವೆ?

ಇವರ ಬಳಿಗೆ ಜನ ಹೋಗುವುದೇಕೆ? ದವಾಖಾನೆ ದೂರವಿರುವುದರಿಂದ, ಬಡತನದಿಂದ ಎಂಬ ಉತ್ತರ ಅರ್ಧ ಮಾತ್ರ ನಿಜ. ಜೊಹಾನ್ಸ್‌ಬರ್ಗಿನ, ಡರ್ಬನ್ನಿನ ಓದಿದ ಜನರೂ ಹೋಗುತ್ತಾರೆ. ಇದಕ್ಕೆ ಇನ್ನೊಂದು ಉತ್ತರವನ್ನು 1937ರಲ್ಲಿ ಪ್ರಕಟವಾದ ಇವಾನ್ಸ್-ಪ್ರಿಚರ್ಡ್‌ನ ಅಜಾಂಡೆ ಜನರ ಅಧ್ಯಯನದಲ್ಲಿ ಕಾಣಬಹುದು. ಕಾಳಿನ ಕಣಜವೊಂದರ ಕಂಬಗಳನ್ನು ಗೆದ್ದಲು ತಿಂದಿದೆ, ಕಣಜ ಕುಸಿಯುತ್ತದೆ, ನೆರಳಿಗೆ ಅದರ ಕೆಳಗೆ ಕುಳಿತವರಿಗೆ ಗಾಯವಾಗುತ್ತದೆ. ಗೆದ್ದಲು ಕಂಬ ತಿಂದದ್ದು ಅಜಾಂಡೆಗೆ ಗೊತ್ತಿಲ್ಲವೆಂದಲ್ಲ. ಆದರೆ ಅದೇ ಗಳಿಗೆಯಲ್ಲಿ, ಅವರೇ ಕುಳಿತಿದ್ದಾಗ ಏಕೆ ಬಿತ್ತು ಎಂಬುದು ಅವನ ಪ್ರಶ್ನೆ. ‘ಹೇಗೆ’ ಎಂಬುದಕ್ಕೆ ಗೆದ್ದಲು ಸಾಕು, ‘ನನಗೇ ಏಕೆ’ ಎಂಬುದಕ್ಕೆ ಸಾಲದು. ಡಾಕ್ಟರು ಮೊದಲನೆಯ ಪ್ರಶ್ನೆಗೆ ಉತ್ತರಿಸಿ ಮುಂದಿನ ರೋಗಿಯನ್ನು ಕರೆಯುತ್ತಾರೆ. ಎರಡನೆಯ ಪ್ರಶ್ನೆಯನ್ನು ಕೂತು ಕೇಳುವವರ ಮನೆಗೆ ಜನ ನಡೆದು ಹೋಗುತ್ತಾರೆ. (ಇಷ್ಟು ಸಹಾನುಭೂತಿಯಿಂದ ಬರೆದ ಆ ವಿದ್ವಾಂಸನೂ ‘ವಿಚ್ ಡಾಕ್ಟರ್’ ಎಂಬ ಪದವನ್ನು ಬಿಡಲಿಲ್ಲ ಎಂಬುದು ಪದಗಳ ಹಟಕ್ಕೆ ಸಾಕ್ಷಿ.)

ಆದರೆ ಎರಡನೆಯ ಪ್ರಶ್ನೆಗೆ ಕೊಡುವ ಉತ್ತರದಲ್ಲಿಯೇ ಅಪಾಯವೂ ಅಡಗಿದೆ. ‘ನಿನಗೆ ಕೇಡು ಬಗೆದವರು ಪಕ್ಕದ ಮನೆಯವರು’ ಎಂದು ಕಣಿ ಹೇಳಿದರೆ ಆ ಪಕ್ಕದ ಮನೆಗೆ ಬೆಂಕಿ ಬೀಳುತ್ತದೆ. ದಕ್ಷಿಣ ಆಫ್ರಿಕಾದ ಉತ್ತರ ಭಾಗದಲ್ಲಿ, ಈಗಿನ ಲಿಂಪೊಪೊ ಪ್ರಾಂತದಲ್ಲಿ, 1980ರ ಮತ್ತು 90ರ ದಶಕಗಳಲ್ಲಿ ಮಾಟದ ಆರೋಪ ಹೊತ್ತ ನೂರಾರು ಜನರ ಕೊಲೆಯಾಯಿತು. ಅವರಲ್ಲಿ ಅನೇಕರು ಮುದುಕಿಯರು. 1995ರಲ್ಲಿ ನೇಮಕವಾದ ರಾಲುಷಾಯಿ ಆಯೋಗ ಇದನ್ನು ವಿಚಾರಿಸಿ ವರದಿ ಕೊಟ್ಟಿತು. ಬೆರಳು ತೋರಿಸಿದವರಲ್ಲಿ ಕಣಿ ಹೇಳುವವರೂ ಇದ್ದರು. ಇದನ್ನು ಮುಚ್ಚಿಟ್ಟು ‘ಪ್ರಾಚೀನ ಜ್ಞಾನ’ ಎಂದು ಕೈಮುಗಿಯುವವರ ಬರಹವೂ ‘ಮಾಟಗಾರ’ ಎಂದು ಬೆದರಿಸುವವರ ಬರಹದಷ್ಟೇ ಸೋಮಾರಿ ಬರಹ.

ಕಾನೂನು ಈ ಕೆಲಸವನ್ನು ಹೇಗೆ ಮಾಡಿತೆಂಬುದನ್ನು ನೋಡಿದರೆ ಹೆಸರಿನ ಮಹತ್ವ ತಿಳಿಯುತ್ತದೆ. ಬ್ರಿಟಿಷರ ನೇಟಾಲ್ ವಸಾಹತು 1891ರ ಸಂಹಿತೆಯಲ್ಲಿ ಇನ್ಯಾಂಗರಿಗೆ ಪರವಾನಗಿ ಕೊಟ್ಟು, ಕಣಿ ಹೇಳುವ ಇಸಂಗೋಮರನ್ನು ನಿಷೇಧಿಸಿತು. ವರ್ಣಭೇದದ ಸರ್ಕಾರ 1957ರಲ್ಲಿ ತಂದ ಮಾಟನಿಗ್ರಹ ಕಾಯ್ದೆಯು ಮತ್ತೊಬ್ಬರನ್ನು ಮಾಟಗಾರರೆಂದು ಹೆಸರಿಸುವುದನ್ನು ಅಪರಾಧವೆಂದಿತು. ಇದು ಸರಿಯೇ. ಅದೇ ಏಟಿಗೆ ಅಲೌಕಿಕ ಶಕ್ತಿಯಿಂದ ಕಾರಣ ಹೇಳುತ್ತೇನೆನ್ನುವ ವೃತ್ತಿಯನ್ನೂ ಅಪರಾಧವಾಗಿಸಿತು. ಮಾಟಕ್ಕೆ ಅಂಜುವವನೂ ಮಾಟದ ಅಂಜಿಕೆ ಕಳೆಯುವವನೂ ಒಂದೇ ಕಟಕಟೆಗೆ. ಪ್ರಜಾಪ್ರಭುತ್ವ ಬಂದ ಮೇಲೆ ಸಾಂಪ್ರದಾಯಿಕ ವೈದ್ಯರ ಕಾಯ್ದೆ ರೂಪುಗೊಂಡಿತು. ಮೊದಲ ಆವೃತ್ತಿಯನ್ನು, ಜನರ ಅಭಿಪ್ರಾಯ ಸರಿಯಾಗಿ ಕೇಳಿಲ್ಲವೆಂದು ಸಂವಿಧಾನ ನ್ಯಾಯಾಲಯ 2006ರಲ್ಲಿ ಹಿಂದಿರುಗಿಸಿತು. 2007ರಲ್ಲಿ ಮತ್ತೆ ಅಂಗೀಕಾರವಾಯಿತು. ಈ ಕಾಯ್ದೆಯು ಕಣಿಯವರು, ಗಿಡಮೂಲಿಕೆಯವರು, ಸೂಲಗಿತ್ತಿಯರು, ಸುನ್ನತಿ ಮಾಡುವ ಶಸ್ತ್ರದವರು ಎಂದು ನಾಲ್ಕು ವರ್ಗಗಳನ್ನು ಹೆಸರಿಸುತ್ತದೆ. ನೂರು ವರ್ಷಕ್ಕೂ ಮಿಕ್ಕಿ ಒಂದೇ ಚೀಲದಲ್ಲಿದ್ದವರನ್ನು ಮತ್ತೆ ಬೇರೆ ಬೇರೆ ಮಾಡಲು ಸಂಸತ್ತೇ ಬೇಕಾಯಿತು.

ಗಡಿಯ ಈಚೆಯ ಓದುಗರಿಗೆ ಇಲ್ಲಿ ಮಹಾರಾಷ್ಟ್ರದ 2013ರ ಜಾದೂಟೋಣಾ ವಿರೋಧಿ ಕಾಯ್ದೆ ನೆನಪಾಗದಿರದು. ನರೇಂದ್ರ ದಾಭೋಲ್ಕರರು ಅದಕ್ಕಾಗಿ ವರ್ಷಗಟ್ಟಲೆ ದುಡಿದರು; ಅದು ಬಂದದ್ದು ಅವರ ಕೊಲೆಯ ನಂತರ. ಆ ಕಾಯ್ದೆಯ ಬಲವಿರುವುದು ಅದರ ಅನುಸೂಚಿಯಲ್ಲಿ. ಹಾವು, ನಾಯಿ, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ, ಗಂಡೆ-ದೋರೆಗಳಿಂದ ನೋಡಿಕೊಳ್ಳುವುದು ಅಪರಾಧ ಎಂದು ಅದು ಕೃತ್ಯವನ್ನೇ ಎತ್ತಿ ಹೇಳುತ್ತದೆ. ಬರಹಗಾರರೂ ಹೀಗೆಯೇ ಕೃತ್ಯವನ್ನು ಹೆಸರಿಸಬೇಕು. ಯಾರು ಏನು ಮಾಡಿದರು, ಅದರಿಂದ ಯಾರಿಗೆ ಏನಾಯಿತು ಎಂದು.

ಹಾಗೆ ನೋಡಿದಾಗ ಚಿತ್ರ ಬದಲಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಹಬ್ಬಿದ ಕಾಲದಲ್ಲಿ ಔಷಧವನ್ನು ತಡೆದು ನಿಂತವರು ಯಾರು? ಅಧ್ಯಕ್ಷ ಥಾಬೊ ಎಂಬೆಕಿಯವರ ಸರ್ಕಾರ. ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಗಳನ್ನು ಹೊಗಳಿದವರು ಸ್ವತಃ ವೈದ್ಯಶಾಸ್ತ್ರ ಓದಿದ ಆರೋಗ್ಯ ಸಚಿವೆ. 2000ದಿಂದ 2005ರವರೆಗೆ ಈ ನೀತಿಯಿಂದ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಂದಾಜಿಸಿದರು. ಅದೇ ದೇಶದ ಹ್ಲಾಬಿಸ ಎಂಬ ಗ್ರಾಮೀಣ ಜಿಲ್ಲೆಯಲ್ಲಿ ಕ್ಷಯರೋಗಿಗಳು ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳುವ ಹೊಣೆಯನ್ನು ಊರಿನ ಸಾಂಪ್ರದಾಯಿಕ ವೈದ್ಯರಿಗೂ ವಹಿಸಲಾಗಿತ್ತು. ಅವರ ಉಸ್ತುವಾರಿಯಲ್ಲಿದ್ದವರಲ್ಲಿ ನೂರಕ್ಕೆ 89 ಜನ ಚಿಕಿತ್ಸೆ ಮುಗಿಸಿದರು. ಬೇರೆಯವರ ಉಸ್ತುವಾರಿಯಲ್ಲಿ 67. ಕೊಟ್ಟ ಮಾತ್ರೆ ಆಸ್ಪತ್ರೆಯದೇ. ಕೈ ಮಾತ್ರ ಇನ್ಯಾಂಗನದು.

ಈ ಕೈಗಳ ಜೋಡಣೆಯನ್ನು ಎಲ್ಲರಿಗಿಂತ ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ನೈಜೀರಿಯದ ಥಾಮಸ್ ಅಡೆಯೋಯೆ ಲಾಂಬೊ. ಯೊರುಬಾ ನಾಡಿನ ಅಬೆಯೊಕುಟದಲ್ಲಿ 1923ರಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮಿನಲ್ಲಿ ವೈದ್ಯಕೀಯ ಓದಿ, ಲಂಡನ್ನಿನಲ್ಲಿ ಮನೋವೈದ್ಯರಾಗಿ ತಯಾರಾದ ಅವರನ್ನು 1954ರಲ್ಲಿ ತವರೂರಿನ ಆರೊ ಮಾನಸಿಕ ಆಸ್ಪತ್ರೆಗೆ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಆಸ್ಪತ್ರೆಯ ಹಾಸಿಗೆಗಳಿನ್ನೂ ಸಿದ್ಧವಾಗಿರಲಿಲ್ಲ. ಲಾಂಬೊ ಕಾಯಲಿಲ್ಲ. ಸುತ್ತಲಿನ ಹಳ್ಳಿಗಳ ಹಿರಿಯರೊಡನೆ ಮಾತಾಡಿ ರೋಗಿಗಳಿಗೆ ಅಲ್ಲಿಯೇ ಬಾಡಿಗೆಗೆ ಮನೆ ಗೊತ್ತುಮಾಡಿದರು. ಒಂದು ನಿಯಮವಿತ್ತು: ರೋಗಿಯ ಜೊತೆಗೆ ತಾಯಿಯೋ ಅಣ್ಣನೋ ಅತ್ತೆಯೋ, ಯಾರಾದರೊಬ್ಬ ಬಂಧು ಇರಲೇಬೇಕು, ಅಡಿಗೆ ಮಾಡಿ ಹಾಕಬೇಕು, ಬೆಳಗ್ಗೆ ಆಸ್ಪತ್ರೆಗೆ ಕರೆತರಬೇಕು, ಸಂಜೆ ಹಳ್ಳಿಗೆ ಕರೆದೊಯ್ಯಬೇಕು. ಆಸ್ಪತ್ರೆಯಲ್ಲಿ ಆ ಕಾಲದ ಆಧುನಿಕ ಚಿಕಿತ್ಸೆಗಳೆಲ್ಲ ನಡೆಯುತ್ತಿದ್ದವು. ಹಳ್ಳಿಯಲ್ಲಿ ಮಾತ್ರ ಮನುಷ್ಯ ಮನುಷ್ಯನಾಗಿಯೇ ಇರುತ್ತಿದ್ದ. ಸಂತೆ, ಕುಣಿತ, ಜಗಳ, ದೇವರು ಎಲ್ಲವೂ ಅಲ್ಲಿದ್ದವು. ಈ ಹಳ್ಳಿಗಳ ಬದುಕಿನಲ್ಲಿ ಸಾಂಪ್ರದಾಯಿಕ ವೈದ್ಯರನ್ನೂ ಲಾಂಬೊ ತೊಡಗಿಸಿಕೊಂಡರು. ಯೊರುಬಾದಲ್ಲಿ ‘ಒನಿಶೆಗುನ್’ ಎಂದರೆ ಮದ್ದುಳ್ಳವನು, ‘ಬಬಲಾವೊ’ ಎಂದರೆ ರಹಸ್ಯಗಳ ತಂದೆ. ಹುಚ್ಚಿನ ರೋಗಿಗಳನ್ನು ಗೋಡೆಗಳೊಳಗೆ ಕೂಡಿಹಾಕುವುದೇ ಶಾಸ್ತ್ರವೆಂದು ಯೂರೋಪೂ ನಂಬಿದ್ದ ಕಾಲದಲ್ಲಿ ಇದು ನಡೆಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1961ರಲ್ಲಿ, ಅಬೆಯೊಕುಟದಲ್ಲಿ ಆಫ್ರಿಕಾದ ಮನೋವೈದ್ಯರ ಮೊದಲ ಸಮ್ಮೇಳನವಾಯಿತು. ಲಾಂಬೊ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಉಪ ಮಹಾನಿರ್ದೇಶಕರಾದರು. ಆ ಹೊತ್ತಿಗೆ ಆರೊ ಹಳ್ಳಿಗಳ ಮಾದರಿ ಹೊರದೇಶಗಳಿಗೂ ಪರಿಚಿತವಾಗಿತ್ತು.

ಯೊರುಬಾ ವೈದ್ಯರು ಉದ್ರೇಕಗೊಂಡ ರೋಗಿಗೆ ಕೊಡುತ್ತಿದ್ದ ಬೇರುಗಳಲ್ಲಿ ಒಂದು ರಾವುಲ್ಫಿಯ ವೊಮಿಟೋರಿಯ ಎಂಬ ಗಿಡದ್ದು. ಇದು ಕನ್ನಡ ನಾಡಿನ ಸರ್ಪಗಂಧಿಯ ಸ್ವಂತ ಅಕ್ಕತಂಗಿ. ಸರ್ಪಗಂಧಿಯು ಮತಿಭ್ರಮೆಗೂ ರಕ್ತದೊತ್ತಡಕ್ಕೂ ಒದಗುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ 1952ರಲ್ಲಿ ಬೇರ್ಪಡಿಸಿತು. ಬೇಡಿಕೆ ಏರಿದಾಗ ಆಫ್ರಿಕಾದ ಗಿಡವೂ ಆ ಸತ್ವದ ದೊಡ್ಡ ಮೂಲವಾಯಿತು. ಎರಡು ಖಂಡಗಳ ಹಳ್ಳಿಯವರು ಪರಸ್ಪರ ಕಾಣದೆಯೇ ಒಂದೇ ಕುಲದ ಬೇರನ್ನು ಒಂದೇ ನೋವಿಗೆ ಹಚ್ಚಿದ್ದರು. ಬೇರು ಪ್ರಯೋಗಾಲಯಕ್ಕೆ ಹೋದಾಗ ಅದು ಸಂಶೋಧನೆ. ಬೇರು ಕೊಟ್ಟವನು ಊರಿನಲ್ಲಿಯೇ ಉಳಿದಾಗ ಅವನು ಮಾಟಗಾರ. ಈ ಲೆಕ್ಕ ಯಾರು ಬರೆದದ್ದು?

ಅದೇ ನೈಜೀರಿಯದಲ್ಲಿ ಬೇರೊಂದು ದೃಶ್ಯವೂ ಇದೆ. 2019ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಮನೋರೋಗಿಗಳನ್ನು ಕಾಲಿಗೆ ಸರಪಳಿ ಹಾಕಿ ಇಟ್ಟಿದ್ದ ಕೇಂದ್ರಗಳ ಕುರಿತು ವರದಿ ಮಾಡಿತು. ಆ ಪಟ್ಟಿಯಲ್ಲಿ ಸಾಂಪ್ರದಾಯಿಕ ವೈದ್ಯರ ಮನೆಗಳಿದ್ದವು, ಇಸ್ಲಾಮೀ ಕೇಂದ್ರಗಳಿದ್ದವು, ಚರ್ಚುಗಳಿದ್ದವು, ಸರ್ಕಾರಿ ಆಸ್ಪತ್ರೆಗಳೂ ಇದ್ದವು. ಸರಪಳಿಯನ್ನು ಸರಪಳಿ ಎಂದೇ ಬರೆಯಬೇಕು. ಅದನ್ನು ಹಾಕಿದವನನ್ನು ‘ಮಾಟಗಾರ’ ಎಂದುಬಿಟ್ಟರೆ ಆಸ್ಪತ್ರೆಯ ಸರಪಳಿ ಕಾಣದೆ ಹೋಗುತ್ತದೆ.

ಹಾಗಾದರೆ ಕನ್ನಡದಲ್ಲಿ ಏನೆಂದು ಬರೆಯಬೇಕು? ಉಮ್‌ತಕಾತಿ, ಮ್‌ಚಾವಿ, ನ್‌ಡೋಕಿಗಳಿಗೆ ‘ಮಾಟಗಾರ’ ಎಂಬ ಪದ ಸಲ್ಲುತ್ತದೆ, ಅವರಿಗಷ್ಟೇ ಸಲ್ಲುತ್ತದೆ. ಗಿಡಮೂಲಿಕೆಯವರಿಗೆ ನಾಟಿವೈದ್ಯ, ಜವಾರಿ ವೈದ್ಯ, ಮದ್ದಿನವ ಎಂಬ ಪದಗಳು ಕೈಗೆಟುಕುವಲ್ಲಿಯೇ ಇವೆ. ಇಸಂಗೋಮಳಿಗೆ ಸರಿಸಮನಾದ ಪದವಿಲ್ಲ. ಅವಳನ್ನು ಇಸಂಗೋಮ ಎಂದೇ ಬರೆದು, ಅವಳು ಏನು ಮಾಡುತ್ತಾಳೆಂಬುದನ್ನು ಕಥೆಯೇ ಹೇಳಲು ಬಿಡಬೇಕು. ತಾಲೂಕು, ದವಾಖಾನಿ, ಇಸ್ಪಿತ್ರಿಗಳನ್ನು ಜೀರ್ಣಿಸಿಕೊಂಡ ಭಾಷೆಗೆ ಇದೇನು ಭಾರವಲ್ಲ.

ಚಿನುವ ಅಚಿಬೆ 1958ರ ತಮ್ಮ ಮೊದಲ ಕಾದಂಬರಿಯಲ್ಲಿ ಈ ದಾರಿಯನ್ನೇ ಹಿಡಿದರು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೂ ಇಗ್ಬೊ ಭಾಷೆಯ ಹಲವು ಪದಗಳನ್ನು ಉಳಿಸಿಕೊಂಡರು; ಗುಣಪಡಿಸುವವನಿಗೆ ಆ ಭಾಷೆಯ ಪದ ‘ದಿಬಿಯ’. ಆ ಕಾದಂಬರಿಯ ಒಂದೇ ಅಧ್ಯಾಯದಲ್ಲಿ ದಿಬಿಯ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಎಕ್ವೆಫಿಯ ಮಕ್ಕಳು ಒಂದಾದ ಮೇಲೊಂದು ಸಾಯುತ್ತಿರುವಾಗ, ಸತ್ತು ಸತ್ತು ಮತ್ತೆ ಹುಟ್ಟಿ ತಾಯಿಯನ್ನು ಕಾಡುವ ಮಗುವಿದೆಂದು ಹೇಳಿ ಅವನು ಸತ್ತ ಕೂಸಿನ ದೇಹವನ್ನು ಕತ್ತಿಯಿಂದ ವಿರೂಪಗೊಳಿಸುತ್ತಾನೆ. ವರ್ಷಗಳ ಮೇಲೆ ಅದೇ ದಿಬಿಯ, ಬದುಕುಳಿದ ಹುಡುಗಿ ಎಜಿನ್ಮಾಳನ್ನು ಸಿಟ್ಟಾಗದೆ ಮಾತನಾಡಿಸುತ್ತ, ಅವಳು ತೋರಿದಲ್ಲೆಲ್ಲ ಹಿಂದೆ ನಡೆದು, ಕೊನೆಗೆ ಕಿತ್ತಳೆ ಮರದ ಬುಡದಲ್ಲಿ ಆಳುದ್ದ ಅಗೆದು, ಅವಳನ್ನು ಸಾವಿಗೆ ಕಟ್ಟಿಹಾಕಿದ್ದ ನುಣುಪು ಕಲ್ಲನ್ನು ಹೊರತೆಗೆಯುತ್ತಾನೆ. ಕನ್ನಡದ ಅನುವಾದಕ ಅಲ್ಲಿ ‘ಮಾಟಗಾರ’ ಎಂದು ಬರೆದರೆ ಆ ಅಗೆತದ ತಾಳ್ಮೆ ಓದುಗನಿಗೆ ಸಿಗುವುದಿಲ್ಲ. ‘ವೈದ್ಯ’ ಎಂದಷ್ಟೇ ಬರೆದರೆ ಆ ಕತ್ತಿ ಸಿಗುವುದಿಲ್ಲ. ‘ದಿಬಿಯ’ ಎಂದು ಬರೆದರೆ ಕತ್ತಿಯೂ ಕಲ್ಲೂ ಎರಡೂ ಉಳಿಯುತ್ತವೆ.